ದುರ್ಯೋಧನನ ವಕಾಲತ್ತು ಬೇಡ, ಕೂಸೇ

ಚಿ. ಮೇಧಾಳಿಗೆ ಅಜ್ಜಿಯ ಆಶೀರ್ವಾದಗಳು.

ನಿನ್ನ ಕಾಗದ, ಅದರ ಜೊತೆಗಿಟ್ಟ ಟಿಪ್ಪಣಿ ಎರಡೂ ಬಂದು ಸೇರಿದವು. ಭಾಸನ ‘ಊರುಭಂಗ’ದಲ್ಲಿ ದುರ್ಯೋಧನನ ಪಾತ್ರ ನಿನಗೇ ಬಂತೆಂದು ಓದಿ ನಿನ್ನ ಅಮ್ಮನಿಗೆ ಸಂತೋಷ. ನನಗೆ ಸಂತೋಷದ ಬೆನ್ನಿಗೇ ಒಂದಿಷ್ಟು ಕಳವಳ. ರಂಗಕ್ಕೆ ಬಂದಾಗಿನಿಂದ ಪ್ರಾಣ ಹೋಗುವವರೆಗೆ ಅವನು ಎದ್ದು ನಿಲ್ಲುವಂತಿಲ್ಲ. ಎರಡೂ ಕೈ ಊರಿ ನೆಲದ ಮೇಲೆ ಮೈ ಎಳೆದುಕೊಂಡು ಬರಬೇಕು. ದಿನಾ ಸಂಜೆ ಹೀಗೆ ಅಭ್ಯಾಸ ಮಾಡಿದರೆ ಮೊಣಕೈಯ ಗತಿ ಏನು? ದಪ್ಪ ಬಟ್ಟೆ ಸುತ್ತಿಕೊಳ್ಳದೆ ನೆಲಕ್ಕೆ ಇಳಿಯಬೇಡ. ರಾತ್ರಿ ಹೆಗಲಿಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ದುಕೊ. ಅಭ್ಯಾಸ ಎಷ್ಟು ಹೊತ್ತಿಗೆ ಮುಗಿದರೂ ಉಣ್ಣದೆ ಮಲಗಬೇಡ.

ಟಿಪ್ಪಣಿಯನ್ನು ಸಾವಕಾಶವಾಗಿ ಓದಿದೆ. ಗದಾಯುದ್ಧದಲ್ಲಿ ಹೊಕ್ಕುಳಿನ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಭೀಮ ಮುರಿದ, ಕೃಷ್ಣನೇ ಸನ್ನೆ ಮಾಡಿ ಮುರಿಸಿದ, ಹಾಗಾಗಿ ಅನ್ಯಾಯಕ್ಕೆ ಸಿಕ್ಕಿದ ಸಜ್ಜನ ರಾಜ ಇವನು ಎಂದು ಬರೆದಿದ್ದೀ. ಕೊನೆಯಲ್ಲಿ, ಇವನ ‘ದುರಂತ ದೋಷ’ ಯಾವುದೆಂದು ನಿಮ್ಮ ಮೇಷ್ಟರು ಕೇಳಿದ್ದಾರೆ, ಛಲ ಎಂದು ಬರೆದರೆ ಸಾಕೇ ಅಜ್ಜಿ ಎಂದು ಕೇಳಿದ್ದೀ. ಉತ್ತರ ಹೇಳುತ್ತೇನೆ. ಅದಕ್ಕೆ ಮುಂಚೆ ನಮ್ಮ ಮನೆಯ ಜಗಲಿಯ ಮಾತು ಸ್ವಲ್ಪ ಕೇಳು.

ಮಳೆ ಹಿಡಿದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ನಮ್ಮ ಕಡೆ ತಾಳಮದ್ದಳೆಯ ಕಾಲ. ನೀನು ಹುಟ್ಟುವ ಮುಂಚಿನ ಮಾತು. ಊರಿನ ಭಾಗವತರು, ಮದ್ದಳೆಯವರು, ನಾಲ್ಕಾರು ಅರ್ಥಧಾರಿಗಳು ನಮ್ಮ ಜಗಲಿಯಲ್ಲಿ ಸೇರುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುವುದು, ಎದುರುಬದುರು ಕುಳಿತವರು ಅದಕ್ಕೆ ಅರ್ಥ ಹೇಳುವುದು. ನಿನ್ನ ಅಜ್ಜನಿಗೆ ಹೆಚ್ಚಾಗಿ ಕೌರವನ ಅರ್ಥವೇ ಬರುತ್ತಿತ್ತು, ಅವರಿಗೂ ಅದೇ ಇಷ್ಟ. ನಾನು ನಡುಮನೆಯ ಬಾಗಿಲಲ್ಲಿ ಹೂಬತ್ತಿ ಹೊಸೆಯುತ್ತ ಕೇಳುತ್ತಿದ್ದೆ. ಕೃಷ್ಣಸಂಧಾನದ ದಿನ ಅವರ ಮಾತಿನ ಬಿಸಿ ನೋಡಬೇಕಿತ್ತು. ಹಿರಿಯ ಮಗ ನನ್ನ ಅಪ್ಪ, ಕಣ್ಣಿಲ್ಲವೆಂದು ಸಿಂಹಾಸನ ತಪ್ಪಿಸಿದಿರಿ, ಅವನ ಮಗನಿಗೆ ಕಣ್ಣಿದೆಯಲ್ಲ? ಪಾಂಡುವಿನ ಮಕ್ಕಳೆಂದು ಬಂದವರು ಯಾವ ಲೆಕ್ಕದಲ್ಲಿ ಪಾಂಡುವಿನ ಮಕ್ಕಳು? ಸೂತಪುತ್ರನೆಂದು ಸಭೆಯೆಲ್ಲ ನಕ್ಕಾಗ ಕರ್ಣನಿಗೆ ಅಂಗರಾಜ್ಯ ಕೊಟ್ಟವನು ಯಾರು, ಧರ್ಮರಾಯನೋ ನಾನೋ? ಕೃಷ್ಣನ ಅರ್ಥದವರು ಎಷ್ಟೇ ಗಟ್ಟಿಗರಿರಲಿ, ಬೆಳಗಿನ ಜಾವ ಮನೆಗೆ ಹೊರಟವರಲ್ಲಿ ಅರ್ಧಕ್ಕರ್ಧ ಜನ ಕೌರವನ ಕಡೆ ಆಗಿರುತ್ತಿದ್ದರು.

ತಾಳಮದ್ದಳೆಯಲ್ಲಿ ಅದು ಸರಿಯೇ. ಅಲ್ಲಿ ಒಬ್ಬೊಬ್ಬ ಅರ್ಥಧಾರಿಯೂ ತನ್ನ ಪಾತ್ರದ ವಕೀಲ. ವಾಲಿ ತನ್ನ ಪರವಾಗಿ ವಾದಿಸಬೇಕು, ರಾವಣ ತನ್ನ ಪರವಾಗಿ, ಮಾಗಧ ತನ್ನ ಪರವಾಗಿ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಈ ವಾದವನ್ನು ಎಲ್ಲಿಗೆ ಮುಟ್ಟಿಸಿದರೆಂದು ಕೇಳಿದವರಿಗೇ ಗೊತ್ತು. ನಿನ್ನ ಟಿಪ್ಪಣಿ ಓದುತ್ತಿದ್ದಾಗ ನಿನ್ನ ಅಜ್ಜನ ದನಿಯೇ ಕೇಳಿದ ಹಾಗಾಯಿತು, ಕಣ್ಣು ತುಂಬಿ ಬಂತು. ಆದರೂ ಹೇಳುತ್ತೇನೆ, ಈ ನಾಟಕಕ್ಕೆ ಆ ದನಿ ಒಗ್ಗುವುದಿಲ್ಲ.

ನಮ್ಮ ಕನ್ನಡದವರಿಗೆ ದುರ್ಯೋಧನನ ಮೇಲೆ ಮೊದಲಿನಿಂದಲೂ ಒಂದು ಒಲವು. 941ರ ಹೊತ್ತಿಗೇ ಪಂಪ ಅರ್ಜುನನನ್ನು ನಾಯಕನಾಗಿಟ್ಟು ಕಾವ್ಯ ಬರೆದರೂ ದುರ್ಯೋಧನನ ಛಲವನ್ನು ಮೆಚ್ಚದೆ ಬಿಡಲಿಲ್ಲ. ಅದೇ ಶತಮಾನದ ಕೊನೆಗೆ ಬಂದ ರನ್ನ ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನೊಂದಿಗೆ ಒಂದು ಮಾಡಿ ‘ಸಾಹಸಭೀಮವಿಜಯ’ ಬರೆದ. ಓದಿ ಮುಗಿಸಿದವರ ಮನಸ್ಸಿನಲ್ಲಿ ನಿಲ್ಲುವವನು ಮಾತ್ರ ಸಂಜಯನ ಕೈಹಿಡಿದು ಹೆಣಗಳ ನಡುವೆ ನಡೆಯುವ ದುರ್ಯೋಧನ. ದ್ರೋಣನ ಹೆಣ, ದುಶ್ಶಾಸನನ ಹೆಣ, ಕರ್ಣನ ಹೆಣ, ಮಗ ಲಕ್ಷಣಕುಮಾರನ ಹೆಣ. ನಡುವೆ ಅಭಿಮನ್ಯುವನ್ನು ಕಂಡು ವೈರಿಯ ಮಗನಿಗೂ ಕೈಮುಗಿಯುವ ಮನಸ್ಸು. ನಾನು ಹೈಸ್ಕೂಲಿನಲ್ಲಿ ಆ ಭಾಗ ಪಾಠ ಮಾಡುವಾಗ ಕೊನೆಯ ಬೆಂಚಿನ ಪೋರರೂ ಸದ್ದು ಮಾಡುತ್ತಿರಲಿಲ್ಲ. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಇದೇ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಮಾಡಿದರು. ಗ್ರೀಕರ ದುರಂತ ನಾಟಕಗಳನ್ನು ಚೆನ್ನಾಗಿ ಬಲ್ಲವರು ಅವರು. ಮುಂದೆ ಸಾಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಮಾಡಿ ಕೊಟ್ಟವರೂ ಅವರೇ. ರನ್ನನ ದುರ್ಯೋಧನ ಅವರ ಕಣ್ಣಿಗೆ ದುರಂತನಾಯಕನಾಗಿ ಕಂಡದ್ದು ಸಹಜ. ನೀನು ಇಷ್ಟೆಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡೇ ಭಾಸನ ಬಳಿಗೆ ಹೋಗಿದ್ದೀ. ಅದು ನಿನ್ನ ಭಾಗ್ಯ. ಬಾಗಿಲಲ್ಲಿ ಅದನ್ನು ಸ್ವಲ್ಪ ಇಳಿಸಿ ಒಳಗೆ ಹೋಗು ಎನ್ನುವುದಷ್ಟೇ ನನ್ನ ಮಾತು.

ಭಾಸನ ಹೆಸರನ್ನು ಕಾಳಿದಾಸನೇ ಹೇಳಿದ್ದರೂ ಅವನ ನಾಟಕಗಳು ಬಹಳ ಕಾಲ ಕಣ್ಣಿಗೆ ಬಿದ್ದಿರಲಿಲ್ಲ. ಟಿ. ಗಣಪತಿ ಶಾಸ್ತ್ರಿಗಳಿಗೆ ತಿರುವಾಂಕೂರಿನಲ್ಲಿ ತಾಳೆಗರಿಗಳು ಸಿಕ್ಕಿ, 1912ರಿಂದ ತಿರುವನಂತಪುರದಲ್ಲಿ ಹದಿಮೂರು ನಾಟಕಗಳು ಒಂದೊಂದಾಗಿ ಅಚ್ಚಾದವು. ಎಲ್ಲವೂ ಭಾಸನವೇ ಹೌದೋ ಎಂದು ಪಂಡಿತರು ಇನ್ನೂ ಜಗಳಾಡುತ್ತಾರೆ, ಅದು ನಿನಗೆ ಈಗ ಬೇಡ. ನೀನು ಗಮನಿಸಬೇಕಾದ್ದು ನಾಟಕದ ಕಟ್ಟು. ರಂಗದ ಮೇಲೆ ಯುದ್ಧವನ್ನೂ ಸಾವನ್ನೂ ತೋರಿಸಬಾರದೆನ್ನುವುದು ನಾಟ್ಯಶಾಸ್ತ್ರದ ಕಡೆಯವರ ಕಟ್ಟಳೆ. ಭಾಸ ಯುದ್ಧವನ್ನು ಮೂವರು ಸೈನಿಕರ ಬಾಯಿಂದ ಹೇಳಿಸಿ ಕಟ್ಟಳೆಯನ್ನು ಅರ್ಧ ಪಾಲಿಸಿದ, ಸಾವನ್ನು ಎಲ್ಲರ ಕಣ್ಣೆದುರೇ ಇಟ್ಟು ಉಳಿದರ್ಧ ಮುರಿದ. ಸೈನಿಕರು ಹೇಳುವುದನ್ನು ಮರೆಯಬೇಡ. ಪೆಟ್ಟು ತಿಂದು ಕುಸಿದ ಭೀಮನಿಗೆ, ಬಿದ್ದವನನ್ನು ವೀರ ಕೊಲ್ಲುವುದಿಲ್ಲ, ಹೆದರಬೇಡ ಎಂದು ದುರ್ಯೋಧನನೇ ಹೇಳಿದ್ದಾನೆ. ಆಮೇಲೆ ಕೃಷ್ಣ ತೊಡೆ ತಟ್ಟಿದ್ದು, ಭೀಮ ಎದ್ದದ್ದು, ಗದೆ ಬಿದ್ದದ್ದು.

ಈಗ ನಿಮ್ಮ ಮೇಷ್ಟರ ಪ್ರಶ್ನೆ. ಅರಿಸ್ಟಾಟಲ್ ದುರಂತನಾಯಕನ ತಪ್ಪಿನ ಮಾತೆತ್ತಿದಾಗ ಅವನ ಮುಂದಿದ್ದದ್ದು ಸಾಫೋಕ್ಲಿಸನ ಈಡಿಪಸ್‌ನಂಥ ನಾಟಕ. ಈಡಿಪಸ್ ಬಾಗಿಲು ತೆರೆದು ಬರುವಾಗ ಊರೆಲ್ಲ ಕೈಮುಗಿಯುವ ದೊರೆ. ಒಂದೊಂದೇ ಪ್ರಶ್ನೆ ಕೇಳುತ್ತ, ಒಂದೊಂದೇ ಉತ್ತರ ಬರುತ್ತ, ನಾವು ನೋಡುತ್ತಿದ್ದ ಹಾಗೇ ಬೀಳುತ್ತಾನೆ. ಎಲ್ಲಿ ತಪ್ಪಿದ ಎಂದು ಅಲ್ಲಿ ಕೇಳಬಹುದು. ಊರುಭಂಗದಲ್ಲಿ ಬೀಳುವುದೆಲ್ಲ ಮುಗಿದ ಮೇಲೆ ನಾಯಕ ಬರುತ್ತಾನೆ. ಜೂಜು, ವಸ್ತ್ರಾಪಹರಣ, ವನವಾಸ, ಹದಿನೆಂಟು ದಿನದ ಯುದ್ಧ ಎಲ್ಲ ಹಿಂದೆ ಹೋಗಿವೆ. ಇನ್ನು ಸ್ವಲ್ಪ ಹೊತ್ತಿನ ಉಸಿರು, ಅಷ್ಟರೊಳಗೆ ಒಬ್ಬೊಬ್ಬರಾಗಿ ಬರುವ ಜನ. ಇಂಥ ನಾಟಕದಲ್ಲಿ ದೋಷ ಹುಡುಕುತ್ತ ಕುಳಿತರೆ ಹುಡುಕುವುದರಲ್ಲೇ ನಾಟಕ ಮುಗಿಯುತ್ತದೆ. ಯಾರು ಬಂದರು, ಅವರಿಗೆ ಇವನಿಂದ ಏನು ಬೇಕಾಗಿತ್ತು, ಇವನು ಏನು ಕೊಟ್ಟ, ಏನು ಕೊಡಲಿಲ್ಲ ಎಂದು ನೋಡು. ಪಾತ್ರ ಅಲ್ಲಿದೆ.

ಮೊದಲು ಬಲರಾಮ. ಶಿಷ್ಯನಿಗೆ ಕಣ್ಣೆದುರೇ ಮೋಸವಾಯಿತೆಂದು ನೇಗಿಲು ಹಿಡಿದು ಕುದಿಯುತ್ತಿದ್ದಾನೆ. ದುರ್ಯೋಧನ ಒಂದು ಹೂಂ ಅಂದರೆ ಸಾಕು, ಭೀಮ ಉಳಿಯುವುದಿಲ್ಲ. ನಿನ್ನ ಟಿಪ್ಪಣಿಯ ದುರ್ಯೋಧನನಾಗಿದ್ದರೆ ಹೂಂ ಅನ್ನಬೇಕಿತ್ತು, ಕೂಸೇ. ಇವನು ನೆಲದಲ್ಲಿ ತೆವಳಿ ಬಂದು ಗುರುವಿನ ಕಾಲು ಹಿಡಿದು, ಬಿಡಿ, ವೈರವೂ ಮುಗಿಯಿತು, ನಾವೂ ಮುಗಿದೆವು, ಕುರುವಂಶದ ಹಿರಿಯರಿಗೆ ತರ್ಪಣ ಬಿಡುವುದಕ್ಕೆ ಪಾಂಡವರಾದರೂ ಬದುಕಿರಲಿ ಎನ್ನುತ್ತಾನೆ. ತನ್ನನ್ನು ಕೆಡವಿದ್ದು ಭೀಮನಲ್ಲ, ಭೀಮನ ಗದೆಯಲ್ಲಿ ಹೊಕ್ಕು ಕುಳಿತ ಹರಿ ಎಂದೂ ಹೇಳುತ್ತಾನೆ. ಆ ಮಾತಿನಲ್ಲಿ ಸೋತವನ ಸಮಾಧಾನವೂ ಇದೆ, ಭೀಮನಂಥವನ ಕೈಯಲ್ಲಿ ಬೀಳುವವನು ನಾನಲ್ಲ ಎಂಬ ಗರ್ವವೂ ಇದೆ. ಎರಡನ್ನೂ ಇಟ್ಟುಕೊ.

ಆಮೇಲೆ ಮನೆಯವರು. ಕಣ್ಣಿಲ್ಲದ ಅಪ್ಪ, ಕಣ್ಣು ಕಟ್ಟಿಕೊಂಡ ತಾಯಿ ಗಾಂಧಾರಿ ಮಗನನ್ನು ಹೆಸರು ಹಿಡಿದು ಕೂಗುತ್ತ ರಣರಂಗದಲ್ಲಿ ಹುಡುಕುತ್ತಾರೆ. ಎದ್ದು ನಮಸ್ಕಾರ ಮಾಡಲು ಹೋಗಿ ಇವನು ಬೀಳುತ್ತಾನೆ. ತೊಡೆ ಮುರಿದದ್ದಕ್ಕಿಂತ, ಅಪ್ಪನ ಕಾಲಿಗೆ ಬೀಳುವುದನ್ನೂ ಭೀಮ ಕಿತ್ತುಕೊಂಡನಲ್ಲ ಎಂಬುದು ಅವನಿಗೆ ಎರಡನೆಯ ಪೆಟ್ಟು. ಬೀಳುವ ಅಭ್ಯಾಸ ಮಾಡುವಾಗ ಇದನ್ನು ನೆನೆ, ಬೀಳುವುದು ತಾನಾಗಿ ಬರುತ್ತದೆ.

ಇನ್ನು ಮಗು ದುರ್ಜಯ. ವ್ಯಾಸರ ಯುದ್ಧಕಥೆಯಲ್ಲಿ ನಮಗೆ ಗೊತ್ತಿರುವ ಮಗ ಲಕ್ಷ್ಮಣಕುಮಾರ, ಅಭಿಮನ್ಯುವಿನ ಕೈಯಲ್ಲಿ ಸತ್ತವನು. ಭಾಸ ಈ ಪುಟ್ಟ ಮಗನನ್ನು ತಂದದ್ದು ಒಂದೇ ಗಳಿಗೆಗಾಗಿ ಇರಬೇಕು. ನಡೆದು ದಣಿದ ಮಗು ಅಪ್ಪನ ತೊಡೆಯ ಮೇಲೆ ಕೂರಲು ಬರುತ್ತದೆ, ಅಪ್ಪ ತಡೆಯುತ್ತಾನೆ. ಯಾಕೆಂದು ಮಗು ಕೇಳುತ್ತದೆ. ಎಲ್ಲಿಗೆ ಹೋಗುತ್ತೀ ಎಂದರೆ ನೂರು ಜನ ತಮ್ಮಂದಿರ ಹತ್ತಿರ ಎನ್ನುತ್ತಾನೆ. ನನ್ನನ್ನೂ ಕರೆದುಕೊಂಡು ಹೋಗು ಎಂದರೆ, ಅದನ್ನು ಭೀಮನಿಗೆ ಹೋಗಿ ಹೇಳು ಎನ್ನುತ್ತಾನೆ. ಈ ಪ್ರಸಂಗವನ್ನು ಓದುವ ಹೆಂಗಸರೆಲ್ಲ ಅಳುತ್ತಾರೆ, ನಾನೂ ಅತ್ತಿದ್ದೇನೆ. ಅತ್ತು ಕಣ್ಣೊರೆಸಿಕೊಂಡ ಮೇಲೆ ಇನ್ನೊಂದು ನೆನಪಾಗುತ್ತದೆ. ಅದೇ ತೊಡೆಯನ್ನು ತುಂಬಿದ ಸಭೆಯಲ್ಲಿ ದ್ರೌಪದಿಗೆ ತೆರೆದು ತೋರಿಸಿದವನು ಇವನು. ಭೀಮನ ಶಪಥ ಹುಟ್ಟಿದ್ದು ಅಲ್ಲಿ. ಭಾಸ ಇಲ್ಲಿ ಆ ಮಾತು ತೆಗೆಯುವುದಿಲ್ಲ, ತೆಗೆಯಬೇಕಾಗಿಯೂ ಇಲ್ಲ. ನೋಡುವವರಿಗೆ ಗೊತ್ತು, ದುರ್ಯೋಧನನಿಗೂ ಗೊತ್ತು. ಮಗುವನ್ನು ತಡೆಯುವ ನಿನ್ನ ಕೈಯಲ್ಲಿ ಆ ತಿಳಿವು ಇರಬೇಕು. ಅದಿಲ್ಲದಿದ್ದರೆ ಅಲ್ಲಿ ಉಳಿಯುವುದು ಬರೀ ಕರುಣೆ.

ಗಾಂಧಾರಿಗೆ ಹೇಳುವುದು, ಪುಣ್ಯವೇನಾದರೂ ಇದ್ದರೆ ಇನ್ನೊಂದು ಜನ್ಮದಲ್ಲೂ ನೀನೇ ತಾಯಾಗು ಎಂದು. ಹೆಂಡಿರು ಮಾಲವಿ, ಪೌರವಿ ಇಬ್ಬರಿಗೂ ಕ್ಷತ್ರಿಯನ ಹೆಂಡತಿ ಅಳಬಾರದೆಂಬ ಬುದ್ಧಿಮಾತು. ಹೆಂಗಸಾಗಿ ನನಗೆ ಈ ಭಾಗ ಹಿಡಿಸುವುದಿಲ್ಲ. ಆದರೆ ಅವನು ಹಾಗೆಯೇ ಮಾತಾಡುವವನು, ಸಾಯುವ ಹೊತ್ತಿಗೆ ಬೇರೆ ಮನುಷ್ಯನಾಗಿಬಿಡುವುದಿಲ್ಲ. ಅದನ್ನು ಮೆದು ಮಾಡಲು ಹೋಗಬೇಡ. ಮಗನಿಗೆ ಹೇಳುವುದನ್ನು ಮಾತ್ರ ಅಕ್ಷರ ಬಿಡದೆ ಗಮನವಿಟ್ಟು ಓದು: ಪಾಂಡವರನ್ನು ನನ್ನಂತೆಯೇ ಸೇವಿಸು, ಕುಂತಿಯ ಮಾತು ನಡೆಸು, ಅಭಿಮನ್ಯುವಿನ ತಾಯಿಯನ್ನೂ ದ್ರೌಪದಿಯನ್ನೂ ನಿನ್ನ ತಾಯಿಯಂತೆ ಕಾಣು. ದ್ರೌಪದಿ ಈ ನಾಟಕದಲ್ಲಿ ರಂಗಕ್ಕೆ ಬರುವುದೇ ಇಲ್ಲ. ಅವಳ ಹೆಸರು ಅವನ ಬಾಯಲ್ಲಿ ಬರುವ ರೀತಿ ಇದು.

ಕೊನೆಗೆ ಅಶ್ವತ್ಥಾಮ, ಬಿಲ್ಲಿನ ಹೆದೆ ಮಿಡಿಯುತ್ತ ಬರುತ್ತಾನೆ. ಪಾಂಡವರನ್ನು ಮುಗಿಸುತ್ತೇನೆ ಎನ್ನುತ್ತಾನೆ. ದುರ್ಯೋಧನ ಬಿಲ್ಲು ಕೆಳಗಿಡು ಎನ್ನುತ್ತಾನೆ. ಭೀಮ ನಿನ್ನ ತೊಡೆಯ ಜೊತೆ ಅಭಿಮಾನವನ್ನೂ ಮುರಿದನೋ ಎಂದು ಅಶ್ವತ್ಥಾಮ ಚುಚ್ಚುತ್ತಾನೆ. ಆಗ ಬರುವ ಉತ್ತರಕ್ಕಾಗಿಯೇ ನಾನು ಇಷ್ಟುದ್ದ ಕಾಗದ ಬರೆಯುತ್ತಿದ್ದೇನೆ, ಮಗಳೇ. ರಾಜರಿಗೆ ಮಾನವೇ ಮೈ, ಮಾನಕ್ಕಾಗಿಯೇ ಯುದ್ಧ ಮಾಡಿದೆ ಎಂದು ತಲೆಯೆತ್ತಿ ಹೇಳುತ್ತಾನೆ. ಹೇಳಿದವನೇ, ಮುಡಿ ಹಿಡಿದು ದ್ರೌಪದಿಯನ್ನು ಎಳೆದದ್ದು, ಹುಡುಗ ಅಭಿಮನ್ಯುವನ್ನು ಕೊಂದದ್ದು, ಜೂಜಿನ ನೆಪದಲ್ಲಿ ಪಾಂಡವರನ್ನು ಕಾಡುಮೃಗಗಳ ಜೊತೆ ಬಾಳಲು ಅಟ್ಟಿದ್ದು ಎಲ್ಲವನ್ನೂ ಎಣಿಸಿ, ಇದರ ಮುಂದೆ ಅವರು ನನಗೆ ಮಾಡಿದ್ದು ಎಷ್ಟು ಕಡಿಮೆ, ಯೋಚಿಸಿ ನೋಡು ಎನ್ನುತ್ತಾನೆ.

ವ್ಯಾಸರ ದುರ್ಯೋಧನ ಹೀಗಲ್ಲ. ಅಲ್ಲಿ ತೊಡೆ ಮುರಿದು ಬಿದ್ದವನು ಅಶ್ವತ್ಥಾಮನಿಗೆ ಸೇನಾಪತಿಯ ಪಟ್ಟ ಕಟ್ಟಿಸುತ್ತಾನೆ, ಮಲಗಿದ್ದವರನ್ನು ಕೊಂದು ಬಂದ ಸುದ್ದಿ ಕೇಳಿ ಹಿಗ್ಗಿ ಪ್ರಾಣ ಬಿಡುತ್ತಾನೆ. ಭಾಸ ಅದೇ ಮನುಷ್ಯನನ್ನು ಅದೇ ನೆಲದಲ್ಲಿ ಮಲಗಿಸಿ, ಸೇಡಿನ ಬಾಗಿಲನ್ನು ಅವನ ಕೈಯಿಂದಲೇ ಮುಚ್ಚಿಸುತ್ತಾನೆ. ಅಪ್ಪ, ಗುರು, ಗೆಳೆಯ ಎಲ್ಲರೂ ಇವನ ಪರ ವಾದಿಸಲು ಬಂದಾಗ, ತನ್ನ ಮೇಲಿನ ಆಪಾದನೆಗಳನ್ನು ತಾನೇ ಓದಿ ಹೇಳುವ ಮನುಷ್ಯ ಇವನು. ಅವನ ದೊಡ್ಡತನ ನನಗೆ ಕಾಣುವುದು ಅಲ್ಲಿಯೇ. ನೀನು ಮೊದಲಿನಿಂದಲೇ ಇವನು ನಿರಪರಾಧಿ, ಭೀಮ ಮೋಸಗಾರ ಎಂದು ಅಭಿನಯಿಸಿಕೊಂಡು ಬಂದರೆ ಈ ಮಾತು ಹೊರಡುವುದಕ್ಕೆ ಜಾಗವೇ ಉಳಿಯುವುದಿಲ್ಲ. ಭೀಮ ಮಾಡಿದ್ದು ಅಧರ್ಮವೇ. ಅದನ್ನು ಬಲರಾಮ ಹೇಳಲಿ, ಅಶ್ವತ್ಥಾಮ ಹೇಳಲಿ, ನೋಡುವವರು ಹೇಳಿಕೊಳ್ಳಲಿ. ದುರ್ಯೋಧನನ ವಕಾಲತ್ತು ನೀನು ವಹಿಸಬೇಡ. ದ್ರೌಪದಿಯ ಮುಡಿಯ ಮಾತನ್ನು ಗದ್ಗದ ಮಾಡಿಕೊಂಡು ಹೇಳಬೇಡ, ದನಿ ಇಳಿಸಿ ಮೆಲ್ಲಗೂ ಹೇಳಬೇಡ. ಲೆಕ್ಕ ಒಪ್ಪಿಸುವ ಹಾಗೆ, ಅಶ್ವತ್ಥಾಮನ ಮುಖ ನೋಡುತ್ತ ಹೇಳು.

ಇದನ್ನು ಕೇಳಿ ವೈರ ಪಶ್ಚಾತ್ತಾಪವಾಯಿತೆಂದು ತಿಳಿದುಬಿಡಬೇಡ. ಹಾಗೆ ಹೇಳುವವನು ಬಲರಾಮ. ದುರ್ಯೋಧನನ ಒಳಗೆ ಅಷ್ಟು ಸಲೀಸಾಗಿ ಏನೂ ಇತ್ಯರ್ಥವಾಗುವುದಿಲ್ಲ. ಅಶ್ವತ್ಥಾಮ ರಾತ್ರಿಯುದ್ಧದ ಶಪಥ ಮಾಡಿ, ಅಲ್ಲೇ ದುರ್ಜಯನಿಗೆ ರಾಜ್ಯಾಭಿಷೇಕದ ಮಾತು ಹೇಳಿದಾಗ, ನನ್ನ ಮನಸ್ಸಿನಲ್ಲಿದ್ದದ್ದೇ ಆಯಿತು ಎಂದು ಸಮಾಧಾನಪಡುತ್ತಾನೆ. ಪಾಂಡವರ ಸೇವೆ ಮಾಡು ಎಂದವನು, ಮಗ ರಾಜನಾದದ್ದಕ್ಕೆ ತೃಪ್ತಿಪಟ್ಟವನು, ಒಬ್ಬನೇ. ನಿಮ್ಮ ಮೇಷ್ಟರು ಇದನ್ನು ಸರಿಹೊಂದಿಸು ಎಂದರೆ ವಿನಯದಿಂದ ಒಲ್ಲೆ ಎನ್ನು. ಕೇರಳದ ಕಾವಾಲಂ ನಾರಾಯಣ ಪಣಿಕ್ಕರ್ ಈ ನಾಟಕ ಆಡಿಸಿದಾಗ ದುರ್ಯೋಧನನ ಒಳಗಿನ ಸುಯೋಧನನನ್ನು ತೆಯ್ಯಂ ವೇಷದಲ್ಲಿ ಬೇರೆಯೇ ನಿಲ್ಲಿಸಿದರು. ಅದರ ಚಿತ್ರಗಳನ್ನು ನೋಡಿ ನಿಮಗೂ ಹಾಗೆ ಮಾಡುವ ಆಸೆ ಬಂದಿದೆಯೆಂದು ಬರೆದಿದ್ದೀ. ಅವರದ್ದು ಬಲ್ಲವರ ಕೆಲಸ. ನಿನಗೆ ಮಾತ್ರ ಇಬ್ಬರನ್ನೂ ಒಂದೇ ಮೈಯಲ್ಲಿ, ಅದೂ ಅರ್ಧ ಮೈಯಲ್ಲಿ, ಹಿಡಿಯುವ ಕಷ್ಟ ಬೇಕು ಎಂದು ನನಗನ್ನಿಸುತ್ತದೆ.

ಇನ್ನೊಂದೇ ಮಾತು ಹೇಳಿ ನಿಲ್ಲಿಸುತ್ತೇನೆ. ಸಾಯುವಾಗ ಅವನಿಗೆ ಕಾಣುವವರನ್ನು ನೋಡು: ಶಂತನುವೇ ಮೊದಲಾದ ಹಿರಿಯರು, ಕರ್ಣನನ್ನು ಮುಂದಿಟ್ಟುಕೊಂಡ ನೂರು ತಮ್ಮಂದಿರು, ಊರ್ವಶಿ ಮೊದಲಾದ ಅಪ್ಸರೆಯರು, ಹಂಸಗಳು ಎಳೆಯುವ ವಿಮಾನ. ನಿನ್ನ ಟಿಪ್ಪಣಿಯಲ್ಲಿ ಇವರೆಲ್ಲ ಇದ್ದಾರೆ. ನಡುವೆ ಒಬ್ಬನನ್ನು ಬಿಟ್ಟಿದ್ದೀ. ಐರಾವತದ ಮೇಲೆ ಇಂದ್ರನ ಕೈ ಹಿಡಿದು ಕುಳಿತ ಅಭಿಮನ್ಯು, ಇನ್ನೂ ಹುಡುಗರ ಜುಲುಪೇ ಇರುವವನು, ಸಿಟ್ಟಿನಿಂದ ಇವನನ್ನು ಮಾತಾಡಿಸುತ್ತಿದ್ದಾನೆ. ಸ್ವರ್ಗದ ಬಾಗಿಲಲ್ಲೂ ಆ ಹುಡುಗ ಇವನನ್ನು ಕ್ಷಮಿಸಿಲ್ಲ, ಅದನ್ನು ಇವನೇ ಕಂಡು ಇವನೇ ಹೇಳುತ್ತಾನೆ. ಆ ಸಾಲನ್ನು ಬಿಡಬೇಡ. ಅಪ್ಸರೆಯರ ಮಾತಿನ ಭರದಲ್ಲಿ ನುಂಗಲೂ ಬೇಡ. ಅದನ್ನು ಹೇಳುವಾಗ ನಿನ್ನ ಕಣ್ಣು ಯಾವ ಕಡೆ ಇರಬೇಕೆಂದು ನಿಮ್ಮ ಮೇಷ್ಟರ ಹತ್ತಿರ ಕೇಳಿ ನನಗೆ ಬರೆ, ಅವರ ಅಭಿಪ್ರಾಯ ತಿಳಿಯುವ ಆಸೆ ನನಗಿದೆ.

ಟಿಪ್ಪಣಿಯನ್ನು ಮತ್ತೊಮ್ಮೆ ಬರೆದು ಕಳಿಸು. ಪ್ರಯೋಗದ ದಿನ ನಿನ್ನ ಮಾವ ಕರೆದುಕೊಂಡು ಬರುತ್ತೇನೆ ಎಂದಿದ್ದಾನೆ. ನನಗೆ ಕಿವಿ ಸ್ವಲ್ಪ ಮಂದವಾದ್ದರಿಂದ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿಡು.

ಇತಿ, ನಿನ್ನ ಪ್ರೀತಿಯ
ಅಜ್ಜಿ